ಓಟಗಾರರ ಗಾಯ ಮತ್ತು ಸ್ಟ್ರೆಚಿಂಗ್: ಅಣಶಿ ಘಟ್ಟದ ಹಿನ್ನೆಲೆಯಲ್ಲಿ ಒಂದು ಮರುಪರಿಶೀಲನೆ

ಓಟಕ್ಕೆ ಮೊದಲು ಸ್ನಾಯುಗಳನ್ನು ಎಳೆದು ಹಿಡಿಯಬೇಕು, ಇಲ್ಲದಿದ್ದರೆ ಗಾಯ ಖಂಡಿತ ಎಂಬ ನಂಬಿಕೆ ನಮ್ಮ ಶಾಲಾ ಮೈದಾನಗಳಲ್ಲಿ ಪ್ರಶ್ನೆಗೆ ಒಳಗಾಗದೆ ಉಳಿದುಬಂದಿದೆ. ಮಂಡಿ ಮಡಿಸದೆ ಬಾಗಿ ಕಾಲ್ಬೆರಳು ಮುಟ್ಟುವುದು, ಗೋಡೆಗೆ ಕೈಯೂರಿ ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ಮೀನಖಂಡವನ್ನು ಎಳೆಯುವುದು, ಒಂಟಿಕಾಲಲ್ಲಿ ನಿಂತು ಇನ್ನೊಂದು ಪಾದವನ್ನು ಹಿಂದಕ್ಕೆ ಹಿಡಿಯುವುದು: ಪಿ.ಟಿ. ಮಾಸ್ತರರ ಸೀಟಿಗೆ ತಕ್ಕಂತೆ ಇವೆಲ್ಲ ಮುಗಿದ ಮೇಲೆಯೇ ಓಟ. ಜೋಯಿಡಾ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳಿಗೆ ಈ ಪ್ರಶ್ನೆ ಬರೀ ಪುಸ್ತಕದ್ದಲ್ಲ. ಭಾರತೀಯ ಕ್ರೀಡಾ ಪ್ರಾಧಿಕಾರವು 1980ರ ದಶಕದ ಕೊನೆಯಲ್ಲಿ ಸಿದ್ದಿ ಸಮುದಾಯದ ಮಕ್ಕಳನ್ನು ಅಥ್ಲೆಟಿಕ್ಸ್‌ಗೆ ಆಯ್ದುಕೊಂಡದ್ದು ಈ ಸೀಮೆಯಿಂದಲೇ; ಇಂದಿಗೂ ಓಟವೆಂದರೆ ಇಲ್ಲಿನ ಹುಡುಗ ಹುಡುಗಿಯರಿಗೆ ಪದಕದ ಜೊತೆಗೆ ಪೊಲೀಸ್, ಸೇನಾ ಭರ್ತಿಯ ದಾರಿ. ಗಾಯವಾದರೆ ತಪ್ಪುವುದು ಒಂದು ಸ್ಪರ್ಧೆ ಮಾತ್ರವಲ್ಲ, ಕೆಲವೊಮ್ಮೆ ನೌಕರಿಯೂ. ಹಾಗಾಗಿ ತರಬೇತಿಯ ಅಲ್ಪ ಸಮಯವನ್ನು ಯಾವುದಕ್ಕೆ ಕೊಡಬೇಕು ಎಂಬುದನ್ನು ಪುರಾವೆಯ ಮೇಲೆ ತೀರ್ಮಾನಿಸಬೇಕಾಗಿದೆ. ನಿಂತಲ್ಲೇ ಮಾಡುವ ಸ್ಟ್ರೆಚಿಂಗ್‌ಗೆ ಓಟದ ಗಾಯಗಳನ್ನು ಗಣನೀಯವಾಗಿ ತಡೆಯುವ ಶಕ್ತಿಯಿಲ್ಲ. ಗಾಯದ ಮೂಲ ಸ್ನಾಯುವಿನ ಬಿಗಿತಕ್ಕಿಂತ ದೇಹ ತಡೆಯುವ ಹೊರೆಗೂ ನಾವು ಹೇರುವ ಹೊರೆಗೂ ನಡುವಿನ ಅಂತರದಲ್ಲಿದೆ ಎಂಬುದು ಈ ಲೇಖನದ ವಾದ.

ಮೊದಲು ಪ್ರಯೋಗಗಳ ಸಾಕ್ಷ್ಯವನ್ನು ನೋಡೋಣ. ನೆದರ್ಲೆಂಡ್ಸ್‌ನಲ್ಲಿ ವಾನ್ ಮೆಖೆಲೆನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನ 421 ಹವ್ಯಾಸಿ ಓಟಗಾರರನ್ನು 16 ವಾರ ಗಮನಿಸಿತು. ವಾರ್ಮ್ ಅಪ್, ಸ್ಟ್ರೆಚಿಂಗ್, ಕೂಲ್ ಡೌನ್ ಮೂರನ್ನೂ ಹೇಳಿಕೊಟ್ಟ ಗುಂಪಿನಲ್ಲಿ ಸಾವಿರ ಗಂಟೆಯ ಓಟಕ್ಕೆ 5.5 ಗಾಯಗಳು, ಏನನ್ನೂ ಹೇಳಿಕೊಡದ ಗುಂಪಿನಲ್ಲಿ 4.9. ಆಸ್ಟ್ರೇಲಿಯಾದಲ್ಲಿ ಪೋಪ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ದೊಡ್ಡದು: ಸೇನೆಗೆ ಹೊಸದಾಗಿ ಸೇರಿದ 1,538 ಯುವಕರು, 12 ವಾರಗಳ ತರಬೇತಿ. ಸ್ಟ್ರೆಚಿಂಗ್ ಮಾಡಿದ 735 ಮಂದಿಯಲ್ಲಿ 158 ಗಾಯಗಳು, ಮಾಡದ 803 ಮಂದಿಯಲ್ಲಿ 175. ಅಂದರೆ ಎರಡೂ ಕಡೆ ನೂರಕ್ಕೆ ಹೆಚ್ಚುಕಡಿಮೆ 22. ಅದೇ ಪ್ರಯೋಗದಲ್ಲಿ ಗಾಯದ ಸಾಧ್ಯತೆಯನ್ನು ಸ್ಪಷ್ಟವಾಗಿ ಸೂಚಿಸಿದ್ದು ಬೇರೊಂದು ಸಂಗತಿ. ಸೇರುವಾಗ ನಡೆಸಿದ ಶಟಲ್ ಓಟದಲ್ಲಿ ಹಿಂದೆ ಬಿದ್ದವರೇ ಮುಂದೆ ಹೆಚ್ಚು ಗಾಯಗೊಂಡರು. 2014ರಲ್ಲಿ ಲಾವರ್ಸನ್ ಮತ್ತು ಸಂಗಡಿಗರು ವಿವಿಧ ಕ್ರೀಡೆಗಳ 25 ಪ್ರಯೋಗಗಳನ್ನು, 26,610 ಜನರ ಮಾಹಿತಿಯನ್ನು ಒಟ್ಟುಗೂಡಿಸಿದಾಗ ಸ್ಟ್ರೆಚಿಂಗ್‌ನಿಂದ ರಕ್ಷಣೆ ಕಾಣಲಿಲ್ಲ. ಸ್ನಾಯುಬಲ ಹೆಚ್ಚಿಸುವ ವ್ಯಾಯಾಮವಾದರೋ ಗಾಯಗಳನ್ನು ಮೂರನೇ ಒಂದು ಭಾಗಕ್ಕೂ ಕೆಳಗೆ ಇಳಿಸಿತ್ತು.

ಹೀಗೇಕೆ ಎಂಬುದಕ್ಕೆ ಉತ್ತರ ಗಾಯಗಳ ಸ್ವರೂಪದಲ್ಲೇ ಇದೆ. ದೂರದ ಓಟಗಾರರನ್ನು ಹೆಚ್ಚಾಗಿ ಕಾಡುವುದು ಮಂಡಿಚಿಪ್ಪಿನ ಸುತ್ತಲಿನ ನೋವು, ಮೊಣಕಾಲ ಕೆಳಗಿನ ಎಲುಬಿನ ನೋವು, ಹಿಮ್ಮಡಿಯ ಮೇಲಿನ ಅಕಿಲಿಸ್ ಸ್ನಾಯುರಜ್ಜುವಿನ ಬೇನೆ. ಒಂದೇ ಏಟಿಗೆ ಆಗುವ ಗಾಯಗಳಲ್ಲ ಇವು. ಸಾವಿರಾರು ಹೆಜ್ಜೆಗಳ ಹೊಡೆತ, ದುರಸ್ತಿಗೆ ಬಿಡುವು ಸಿಗದೆ, ಒಟ್ಟುಗೂಡಿದ್ದರ ಫಲ. ಎಲುಬು ಎಳೆದರೆ ಹಿಗ್ಗುವ ವಸ್ತುವಲ್ಲ. ಅಷ್ಟೇಕೆ, ಕೆಲವು ವಾರ ಸ್ಟ್ರೆಚಿಂಗ್ ಮಾಡಿದವರು ಮೊದಲಿಗಿಂತ ಹೆಚ್ಚು ಬಾಗಬಲ್ಲರಾದರೆ ಅದಕ್ಕೂ ಬಹುಪಾಲು ಕಾರಣ ಎಳೆತವನ್ನು ಸಹಿಸುವ ಅಭ್ಯಾಸ. ಸ್ನಾಯುವಿನ ರಚನೆ ಅಷ್ಟರಲ್ಲಿ ಬದಲಾಗಿರುವುದಿಲ್ಲ. ಗಾಯದ ಮೂಲ ಹೊರೆಯಲ್ಲಿದೆ ಎಂಬ ಮಾತನ್ನು ಪರೀಕ್ಷಿಸಲು ಕದ್ರಾದಿಂದ ಅಣಶಿಗೆ ಏರುವ ಘಾಟಿ ರಸ್ತೆ ಒಳ್ಳೆಯ ಉದಾಹರಣೆ. ಏರುವಾಗ ಉಸಿರು ಕಟ್ಟುತ್ತದೆ, ಇಳಿಯುವಾಗ ಹಾಯೆನಿಸುತ್ತದೆ; ಕಾಲಿಗೆ ಪೆಟ್ಟು ಬೀಳುವುದು ಮಾತ್ರ ಇಳಿಯುವಾಗಲೇ. ಗಾಟ್‌ಶಾಲ್ ಮತ್ತು ಕ್ರಾಮ್ 2005ರಲ್ಲಿ ಅಳೆದಂತೆ 9 ಡಿಗ್ರಿ ಇಳಿಜಾರಿನಲ್ಲಿ ಓಡುವಾಗ ಪಾದಕ್ಕೆ ತಾಗುವ ಹೊಡೆತದ ಗರಿಷ್ಠ ಬಲ ಸಮತಟ್ಟಿಗಿಂತ ಶೇ. 54ರಷ್ಟು, ತಡೆಯುವ ಬಲ ಶೇ. 73ರಷ್ಟು ಹೆಚ್ಚುತ್ತದೆ. ಮೋಟಾರು ರಸ್ತೆ ಸಾಮಾನ್ಯವಾಗಿ ಅಷ್ಟು ಕಡಿದಾಗಿರುವುದಿಲ್ಲ, ನಿಜ. ಆದರೆ ಕಾಡಿನ ಕಾಲುದಾರಿಗಳು ಇರುತ್ತವೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಲೇ ಮೈಭಾರವನ್ನು ತಡೆಹಿಡಿಯಬೇಕು. ಮರುದಿನ ಮೆಟ್ಟಿಲಿಳಿಯಲಾಗದ ನೋವಿಗೆ ಇದೇ ಕಾರಣ. ಇದಕ್ಕೆ ದೇಹವೇ ಕಂಡುಕೊಂಡ ಮದ್ದೊಂದಿದೆ: ಒಮ್ಮೆ ಮಿತವಾಗಿ ಇಳಿಜಾರು ಓಡಿದ ಸ್ನಾಯು ಮುಂದಿನ ಕೆಲವು ವಾರ ಅದೇ ಹೊರೆಗೆ ಅಷ್ಟು ನೋಯುವುದಿಲ್ಲ. ನೋವನ್ನು ತಗ್ಗಿಸುವುದರಲ್ಲಿ ಸ್ಟ್ರೆಚಿಂಗ್‌ನ ಪಾಲೆಷ್ಟು ಎಂದು ಹರ್ಬರ್ಟ್ ಮತ್ತು ಗೇಬ್ರಿಯೆಲ್ 2002ರಲ್ಲಿ ಲೆಕ್ಕ ಹಾಕಿದಾಗ ಸಿಕ್ಕಿದ್ದು 100 ಮಿಲಿಮೀಟರಿನ ನೋವುಮಾಪಕದಲ್ಲಿ 2 ಮಿಲಿಮೀಟರಿಗೂ ಕಡಿಮೆ.

ಎದುರುವಾದಗಳು ಹಗುರವಾದವಲ್ಲ. ಜಾಮ್ಟ್‌ವೆಟ್ ಮತ್ತು ಸಂಗಡಿಗರು 2010ರಲ್ಲಿ ವರದಿ ಮಾಡಿದ 2,377 ಜನರ ಪ್ರಯೋಗದಲ್ಲಿ ಒಟ್ಟು ಗಾಯಗಳು ಕಡಿಮೆಯಾಗದಿದ್ದರೂ ಸ್ನಾಯು, ಅಸ್ಥಿಬಂಧ, ಸ್ನಾಯುರಜ್ಜುಗಳ ಗಾಯ ವರ್ಷಕ್ಕೆ ತಲಾ 0.88ರಿಂದ 0.66ಕ್ಕೆ ಇಳಿದಿತ್ತು. ಇದನ್ನು ತಳ್ಳಿಹಾಕುವಂತಿಲ್ಲ. ಆದರೆ ಅಲ್ಲಿ ಗಾಯವನ್ನು ವರದಿ ಮಾಡಿದವರು ಭಾಗವಹಿಸಿದವರೇ, ತಾವು ಯಾವ ಗುಂಪಿನವರೆಂದು ತಿಳಿದೇ. ಒಟ್ಟು ಸಂಖ್ಯೆ ಬದಲಾಗದಿರುವುದನ್ನೂ ಮರೆಯಬಾರದು. ಎರಡನೆಯ ಆಕ್ಷೇಪ ವೇಗದ ಓಟಗಾರರದು. 100, 200 ಮೀಟರ್ ಓಟದಲ್ಲಿ ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಹರಿಯುವುದು ದೊಡ್ಡ ಭಯ. ಇಲ್ಲಿಯೂ ಗಟ್ಟಿ ಪುರಾವೆ ಇರುವುದು ಬಲವರ್ಧನೆಗೆ. ಡೆನ್ಮಾರ್ಕಿನ 942 ಫುಟ್‌ಬಾಲ್ ಆಟಗಾರರ ಮೇಲಿನ 2011ರ ಪ್ರಯೋಗದಲ್ಲಿ, ಮಂಡಿಯೂರಿ ಕುಳಿತು ಜೊತೆಗಾರ ಹಿಮ್ಮಡಿ ಹಿಡಿದಿರುವಾಗ ಮುಂದಕ್ಕೆ ನಿಧಾನವಾಗಿ ವಾಲುವ ನಾರ್ಡಿಕ್ ವ್ಯಾಯಾಮ ಹ್ಯಾಮ್‌ಸ್ಟ್ರಿಂಗ್ ಗಾಯಗಳನ್ನು ಬಹಳಷ್ಟು ತಗ್ಗಿಸಿತು. ಅದಕ್ಕೆ ಜಿಮ್ ಬೇಡ, ಖರ್ಚಿಲ್ಲ. ಮೂರನೆಯದು ರೂಢಿಯ ಪ್ರಶ್ನೆ. ಅಮೆರಿಕದಲ್ಲಿ 2,729 ಓಟಗಾರರ ಮೇಲೆ ನಡೆದ ಪ್ರಯೋಗದಲ್ಲಿ ಎರಡೂ ಗುಂಪುಗಳ ಗಾಯದ ಪ್ರಮಾಣ ಶೇ. 16ರ ಆಸುಪಾಸಿನಲ್ಲಿತ್ತು, ಆದರೆ ಮೊದಲಿನಿಂದ ಸ್ಟ್ರೆಚಿಂಗ್ ಮಾಡುತ್ತಿದ್ದವರು ತಟ್ಟನೆ ಬಿಟ್ಟಾಗ ಹೆಚ್ಚು ಗಾಯಗೊಂಡರು. ರೂಢಿಯಿರುವವರು ಬಿಡಬೇಕಾಗಿಲ್ಲ ಎಂದಷ್ಟೇ ಇದರಿಂದ ಸಿದ್ಧವಾಗುತ್ತದೆ. ವಿದೇಶದ ಅಂಕಿಗಳು ನಮ್ಮವರಿಗೆ ಹೇಗೆ ಅನ್ವಯ ಎಂದು ಕೇಳುವವರೂ ಇದ್ದಾರೆ. ಬದುಕು, ಊಟ, ಪಾದರಕ್ಷೆ ಬೇರೆ ಇರಬಹುದು. ಎಲುಬು ಹೊರೆಗೆ ಸ್ಪಂದಿಸುವ ಬಗೆ ಬೇರೆಯಲ್ಲ.

ಹಾಗಾದರೆ ಹೊರೆಯನ್ನು ಹೇಗೆ ಏರಿಸಬೇಕು? ವಾರಕ್ಕೆ ಶೇ. 10 ಎಂಬ ಜನಪ್ರಿಯ ಸೂತ್ರವೂ ಪರೀಕ್ಷೆಯಲ್ಲಿ ಗೆದ್ದಿಲ್ಲ: ಗ್ರೋನಿಂಗನ್‌ನಲ್ಲಿ 532 ಹೊಸ ಓಟಗಾರರ ಮೇಲೆ 2008ರಲ್ಲಿ ವರದಿಯಾದ ಪ್ರಯೋಗದಲ್ಲಿ 13 ವಾರ ನಿಧಾನವಾಗಿ ಏರಿಸಿದವರೂ 8 ವಾರದಲ್ಲಿ ಏರಿಸಿದವರೂ ಸಮಾನವಾಗಿ ಗಾಯಗೊಂಡರು. 5,200ಕ್ಕೂ ಹೆಚ್ಚು ಓಟಗಾರರ 2025ರ ಅಧ್ಯಯನ ಬೇರೆ ಕಡೆ ಬೊಟ್ಟು ಮಾಡುತ್ತದೆ. ಹಿಂದಿನ 30 ದಿನಗಳ ಅತಿ ಉದ್ದದ ಓಟಕ್ಕಿಂತ ಶೇ. 10ಕ್ಕೂ ಹೆಚ್ಚು ದೂರವನ್ನು ಒಂದೇ ದಿನ ಓಡಿದವರಲ್ಲಿ ಗಾಯ ಹೆಚ್ಚು. ದೂರ ಎರಡು ಪಟ್ಟು ದಾಟಿದರೆ ಗಾಯದ ಪ್ರಮಾಣವೂ ಎರಡು ಪಟ್ಟು ದಾಟುತ್ತದೆ. ಘಟ್ಟದ ಮೇಲಿನ ಮಳೆಗಾಲಕ್ಕೆ ಈ ಮಾತು ನೇರವಾಗಿ ತಾಗುತ್ತದೆ. ಜೂನ್‌ನಿಂದ ತಿಂಗಳುಗಟ್ಟಲೆ ಮೈದಾನ ಕೆಸರಾಗಿ ಅಭ್ಯಾಸ ನಿಂತಿರುತ್ತದೆ; ಮಳೆ ಸ್ವಲ್ಪ ಬಿಡುವು ಕೊಟ್ಟೊಡನೆ ಕ್ರೀಡಾಕೂಟ ಎದುರಿಗಿರುತ್ತದೆ, ಇಲ್ಲವೇ ಭರ್ತಿಯ ಅಧಿಸೂಚನೆ ಬಂದಿರುತ್ತದೆ. ಪೊಲೀಸ್ ಕಾನ್‌ಸ್ಟೆಬಲ್ ಆಗಬಯಸುವ ಯುವಕ 1,600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು. ನಿಂತ ಕಾಲನ್ನು ಎರಡೇ ವಾರದಲ್ಲಿ ಆ ವೇಗಕ್ಕೆ ತರಲು ಹೊರಟವನನ್ನು ಯಾವ ಸ್ಟ್ರೆಚಿಂಗೂ ಕಾಯಲಾರದು. ಓಟದ ಮುಂಚಿನ ಹತ್ತು ನಿಮಿಷವನ್ನು ನಿಧಾನ ಓಟಕ್ಕೂ ಕಾಲಾಡಿಸುವ ಚಲನೆಗಳಿಗೂ ಕೊಟ್ಟು, ವಾರಕ್ಕೆರಡು ದಿನ ತೊಡೆ ಮತ್ತು ಮೀನಖಂಡದ ಬಲವರ್ಧನೆ ಮಾಡಿಸಿ, ಮಳೆಗಾಲದಲ್ಲೂ ಶಾಲೆಯ ಜಗುಲಿಯಲ್ಲಿ ಅದನ್ನು ನಿಲ್ಲಿಸದಿರುವುದು ಈಗಿನ ಪುರಾವೆಗೆ ಹೊಂದುವ ಕ್ರಮ. ಪ್ರತಿಯೊಬ್ಬ ಓಟಗಾರ ಓಡಿದ ದೂರ, ಇಳಿಜಾರು ಮತ್ತು ನೋವನ್ನು ದಿನವೂ ಬರೆದಿಡುವ ಒಂದು ನೋಟ್‌ಬುಕ್ಕನ್ನು ಈ ತಾಲ್ಲೂಕುಗಳ ದೈಹಿಕ ಶಿಕ್ಷಣ ಶಿಕ್ಷಕರು ಬರುವ ಜೂನ್‌ನಿಂದಲೇ ಆರಂಭಿಸಬೇಕು.