ಬಣವೆ (ಡಂಬಳ ಭಾಗ)

ಒಣಮೇವು ಮಳೆಗೆ ಕೆಡದಂತೆ ಕೈಯಿಂದಲೇ ಒಟ್ಟಿದ ರಾಶಿ. ಆಡುಮಾತಿನಲ್ಲಿ ಬಣವಿ. ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನ ಡಂಬಳವನ್ನು ಹೊರಗಿನವರು ಬಲ್ಲದ್ದು ದೊಡ್ಡಬಸಪ್ಪ ಗುಡಿಯಿಂದ. ಒಕ್ಕಲುತನದವರಿಗೆ ಅದು ಕಪ್ಪತಗುಡ್ಡದ ಆಸುಪಾಸಿನ ಮಳೆಯಾಶ್ರಿತ ಸೀಮೆ. ಇಲ್ಲಿ ಬಣವೆಯೆಂದರೆ ಮುಖ್ಯವಾಗಿ ಜೋಳದ ಕಣಕಿಯದು, ಅಂದರೆ ತೆನೆ ತೆಗೆದ ಒಣದಂಟಿನದು.

ಹಿಂಗಾರಿನ ಬಿಳಿಜೋಳವನ್ನು ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಎರೆಹೊಲಕ್ಕೆ ಬಿತ್ತುತ್ತಾರೆ. ಹಳೆಯ ಮಾಲದಂಡಿ ತಳಿಯಿಂದ ಆಯ್ದ ಎಂ 35-1 ಇಂದಿಗೂ ಅಚ್ಚುಮೆಚ್ಚಾಗಿರುವುದಕ್ಕೆ ರೊಟ್ಟಿ ಒಂದೇ ಕಾರಣವಲ್ಲ, ಅದರ ಎತ್ತರದ ದಂಟೂ ಕಾರಣ. ಬೆಳೆ ಕಿತ್ತು, ತೆನೆ ಮುರಿದ ಮೇಲೆ ದಂಟನ್ನು ಹೊಲದಲ್ಲೇ ಒಣಗಿಸಿ ಸಿವುಡು ಕಟ್ಟುತ್ತಾರೆ. ಒಣಗಿದ ಗರಿಯ ಅಂಚು ಮೈ ಕೆರೆಯುವುದರಿಂದ ಹೆಣ್ಣುಮಕ್ಕಳು ಸೀರೆಯ ಮೇಲೆ ತುಂಬುತೋಳಿನ ಅಂಗಿ ತೊಟ್ಟು ಈ ಕೆಲಸಕ್ಕೆ ಇಳಿಯುತ್ತಾರೆ.

ಬಣವೆಗೆ ನೀರು ನಿಲ್ಲದ ಎತ್ತರದ ಜಾಗ ಬೇಕು. ಕಲ್ಲು ಇಲ್ಲವೇ ಜಾಲಿಯ ಟೊಂಗೆ ಹಾಸಿದರೆ ನೆಲದ ತೇವ ಮೇಲೇರದು, ಗೆದ್ದಲೂ ಬೇಗ ಹತ್ತದು. ಕೆಳಗಿನವರು ಸಿವುಡು ಎಸೆಯುತ್ತಾರೆ, ಮೇಲೆ ನಿಂತವರು ಹಿಡಿದು ಜೋಡಿಸುತ್ತಾರೆ. ಜಾಣ್ಮೆಯೆಲ್ಲ ಮೇಲೆ ನಿಂತವರದೇ. ದಂಟಿನ ಬುಡ ಹೊರಕ್ಕೆ, ಗರಿಯ ತುದಿ ಒಳಕ್ಕೆ ಬರಬೇಕು. ನಡುಭಾಗ ಸದಾ ಅಂಚಿಗಿಂತ ಎತ್ತರ ಇರಬೇಕು. ಆಗ ಪ್ರತಿ ಸಿವುಡೂ ಹೊರಕ್ಕೆ ಇಳಿಜಾರಾಗಿ, ಬಿದ್ದ ಮಳೆ ದಂಟಿನಗುಂಟ ಹೊರಗೇ ಜಾರುತ್ತದೆ. ನಡು ತಗ್ಗಾದರೆ ನೀರು ಒಳಸೇರಿ ಬೂಸಲು ಹಿಡಿಯುತ್ತದೆ. ಅಂಥ ಮೇವನ್ನು ದನ ಮೂಸಿ ಬಿಡುತ್ತವೆ. ನೆತ್ತಿಯನ್ನು ಮನೆಯ ಮಾಳಿಗೆಯಂತೆ ಸಪಾಟಾಗಿ ಬಿಡದೆ ಕೂರಾಗಿ ಮುಗಿಸಿ, ಹೊದಿಕೆ ಹಾಕಿ, ಗಾಳಿಗೆ ಹಾರದಂತೆ ಹಗ್ಗದಿಂದ ಬಿಗಿಯುತ್ತಾರೆ. ಈಗ ತಾಡಪತ್ರಿಯೂ ಬಂದಿದೆ. ಹಸಿ ಆರದ ಸಿವುಡಿಗೆ ಮಾತ್ರ ಯಾವ ಹೊದಿಕೆಯೂ ಆಗಿಬರುವುದಿಲ್ಲ, ಒಳಗೇ ಕಾವು ಹಿಡಿದು ಮೇವು ಕೆಡುತ್ತದೆ.

ಬೇಸಿಗೆಯಲ್ಲಿ ಎತ್ತು, ಎಮ್ಮೆಗಳಿಗೆ ಇದೇ ಆಸರೆ. ಬಳಸುವಾಗ ಒಂದು ಮಗ್ಗುಲಿನಿಂದಲೇ ಹಿರಿಯಬೇಕು, ಉಳಿದ ಭಾಗದ ಹೊದಿಕೆ ಕದಲದು. ಹಾವು, ಚೇಳು ಸೇರಿರುವ ಸಾಧ್ಯತೆಯಿಂದ ಕೈ ಹಾಕುವ ಮುನ್ನ ಬಡಿದು ನೋಡುವುದು ರೂಢಿ. ಬೆಂಕಿಯ ಭಯ ಇನ್ನೂ ದೊಡ್ಡದು: ವಿದ್ಯುತ್ ತಂತಿಯ ಒಂದು ಕಿಡಿ ವರ್ಷದ ಮೇವನ್ನೇ ಸುಡಬಲ್ಲದು. ಹೀಗಾಗಿ ತಂತಿಯ ಕೆಳಗೆ ಒಟ್ಟಲೇಬಾರದು, ಎರಡು ಬಣವೆಗಳ ನಡುವೆ ಅಂತರವೂ ಬೇಕು.

ಶೇಂಗಾ, ಕಡಲೆಯ ಹೊಟ್ಟು ಸಡಿಲವಾದ್ದರಿಂದ ಅದನ್ನು ಹೀಗೆ ಜೋಡಿಸಲಾಗದು, ಬೇರೆಯಾಗಿ ಕೂಡಿಡುತ್ತಾರೆ. ಗಂಗಾವತಿ ಕಡೆಯ ಗದ್ದೆಗಳಲ್ಲಿ ಭತ್ತದ ಹುಲ್ಲನ್ನು ಯಂತ್ರವೇ ಉರುಳೆ ಕಟ್ಟುತ್ತದೆ. ಉದ್ದ ದಂಟಿನ ಕಣಕಿಗೆ ಮಾತ್ರ ಇಲ್ಲಿ ಇನ್ನೂ ಕೈಕೆಲಸವೇ ನಡೆದಿದೆ.