ಜೀತದ ಕಡತ

1975ರ ಅಕ್ಟೋಬರ್‌ನಲ್ಲಿ, ತುರ್ತುಪರಿಸ್ಥಿತಿಯ ನಡುವೆ, ದೆಹಲಿ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ ಜೀತವನ್ನು ರದ್ದು ಮಾಡಿತು. 1976ರಲ್ಲಿ ಅದು ಕಾಯ್ದೆಯಾಯಿತು. ಸಂವಿಧಾನದ 23ನೇ ವಿಧಿ ಬಲವಂತದ ದುಡಿಮೆಯನ್ನು ನಿಷೇಧಿಸಿ ಆಗಲೇ ಕಾಲು ಶತಮಾನ ಕಳೆದಿತ್ತು. ಇಷ್ಟು ತಡವಾಗಿ ಬಂದದ್ದು ಬರೀ ಬಾಯುಪಚಾರದ ಕಾಯ್ದೆ ಅಂತ ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಓದಿ ನೋಡಿದರೆ ಹಾಗಿಲ್ಲ. ಇದು ಜೀತದ ಸಾಲ ಎಂದು ಆಳು ಹೇಳಿದರೆ, ಅಲ್ಲವೆಂದು ರುಜುವಾತು ಮಾಡುವ ಹೊರೆಯನ್ನು 15ನೇ ಕಲಮು ಸಾಲ ಕೊಟ್ಟ ಧಣಿಯ ಹೆಗಲಿಗೆ ಹಾಕುತ್ತದೆ. ಜಿಲ್ಲೆಗೊಂದು, ಉಪವಿಭಾಗಕ್ಕೊಂದು ಜಾಗೃತಿ ಸಮಿತಿ ಇರಬೇಕು, ಅದರಲ್ಲಿ ಮೂವರು ಪರಿಶಿಷ್ಟ ಜಾತಿ, ಪಂಗಡದವರು ಇರಬೇಕು ಅನ್ನುತ್ತದೆ 13ನೇ ಕಲಮು. ತಪ್ಪಿಗೆ ಮೂರು ವರ್ಷದವರೆಗೆ ಸಜೆ.

ಮತ್ತೆ ಸೋತದ್ದೆಲ್ಲಿ? ಕಚೇರಿಯಲ್ಲಿ. ಆ ಮೂವರನ್ನು ಆರಿಸುವವರು ಅಧಿಕಾರಿಗಳೇ. ಹಳ್ಳಿಗೆ ಹೋಗಿ ಜೀತದಾಳನ್ನು ಗುರುತಿಸಬೇಕಾದವರು ಕಂದಾಯದ ನೌಕರರು, ಅಂದರೆ ಧಣಿಯ ಪಡಸಾಲೆಯಲ್ಲಿ ಕಾಫಿ ಕುಡಿಯುವವರು. ಹಳ್ಳಿಯ ಭಾಷೆಯೂ ಅವರ ನೆರವಿಗೆ ಬಂತು. ಜೀತದಾಳು 'ಸಂಬಳದಾಳು' ಆದ, ಸಾಲ 'ಮುಂಗಡ' ಆಯ್ತು. ಕೊಟ್ಟಿಗೆ ಮಾತ್ರ ಅದೇ. ನಮ್ಮಲ್ಲಿ ಜೀತವೇ ಇಲ್ಲ ಅಂತ ಷರಾ ಬರೆದು ಕಡತ ಮುಚ್ಚೋದು ಇದರಿಂದ ಸಲೀಸಾಯ್ತು. ದಲಿತ ವಿಮರ್ಶೆ ಕಾದಂಬರಿಯನ್ನು ಓದುವಷ್ಟೇ ನಿಗಾದಿಂದ ಈ ಷರಾಗಳನ್ನೂ ಓದಬೇಕು. ಪದ ಬದಲಿಸಿ ಮನುಷ್ಯನನ್ನು ಮಾಯ ಮಾಡುವ ಕಲೆ ಅಲ್ಲೂ ಇದೆ.

ಗಾಂಧಿ ಶಾಂತಿ ಪ್ರತಿಷ್ಠಾನ ಮತ್ತು ರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1978ರಲ್ಲಿ ನಡೆಸಿದ ಸಮೀಕ್ಷೆ, 10 ರಾಜ್ಯಗಳಲ್ಲಿ ಸುಮಾರು 26 ಲಕ್ಷ ಜೀತಗಾರರಿದ್ದಾರೆಂದು ಅಂದಾಜು ಮಾಡಿತು. ಬಹುಪಾಲು ದಲಿತರು, ಆದಿವಾಸಿಗಳು. ಸರ್ಕಾರಗಳ ಲೆಕ್ಕ ಅದರ ಹತ್ತಿರಕ್ಕೂ ಬರಲಿಲ್ಲ.

ಷರಾದ ಈ ತರ್ಕ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಫರೀದಾಬಾದಿನ ಕಲ್ಲುಗಣಿ ಕೂಲಿಗಳ ಪರವಾಗಿ ಬಂಧುವಾ ಮುಕ್ತಿ ಮೋರ್ಚಾ ಹೂಡಿದ ಮೊಕದ್ದಮೆಯಲ್ಲಿ ಹರ್ಯಾಣ ಸರ್ಕಾರದ ವಾದ ಹೀಗಿತ್ತು: ಬಲವಂತದ ದುಡಿಮೆ ಇದ್ದರೂ ಇರಬಹುದು, ಆದರೆ ಸಾಲ ಪಡೆದದ್ದು ಸಾಬೀತಾಗದೆ ಅದು ಜೀತ ಹೇಗಾದೀತು? ನೋಡಿ, ಶಾಸನಸಭೆ ಧಣಿಯ ಮೇಲೆ ಹಾಕಿದ ಹೊರೆಯನ್ನು ಸರ್ಕಾರವೇ ಎತ್ತಿ ಕೂಲಿಯ ತಲೆ ಮೇಲಿಟ್ಟಿತು! 1983ರ ಡಿಸೆಂಬರ್‌ನಲ್ಲಿ ನ್ಯಾಯಮೂರ್ತಿ ಭಗವತಿ ಇದನ್ನು ತಳ್ಳಿಹಾಕಿದರು. ಬಲವಂತದ ದುಡಿಮೆ ಕಂಡಲ್ಲೆಲ್ಲ ಅದರ ಹಿಂದೆ ಸಾಲವಿದೆ ಎಂದೇ ಭಾವಿಸಬೇಕು, ಅಲ್ಲವೆಂದು ಮಾಲೀಕನೇ ತೋರಿಸಬೇಕು ಎಂದರು.

ಆದರೂ ಹೊರೆ ಬೇರೆ ದಾರಿಯಲ್ಲಿ ವಾಪಸು ಬಂತು. 2016ರ ಪುನರ್ವಸತಿ ಯೋಜನೆ ಪರಿಹಾರವನ್ನು ಏರಿಸಿ, 1 ಲಕ್ಷದಿಂದ 3 ಲಕ್ಷ ರೂಪಾಯಿವರೆಗೆ ನಿಗದಿ ಮಾಡಿತು. ಬಿಡುಗಡೆಯಾದ ಕೂಡಲೇ ಸಿಗುವ ಸಣ್ಣ ಮೊತ್ತ ಬಿಟ್ಟರೆ, ಉಳಿದ ಹಣವನ್ನು ಆರೋಪಿಗೆ ಶಿಕ್ಷೆಯಾಗುವುದಕ್ಕೆ ತಳುಕು ಹಾಕಿತು. ಶಿಕ್ಷೆಯಾಗಬೇಕಾದರೆ ಸಾಕ್ಷಿ ಬೇಕು. ಆ ಸಾಕ್ಷಿ ಹೇಳಬೇಕಾದವರು ಧಣಿಯ ಊರಿನಲ್ಲೇ, ಎಷ್ಟೋ ಸಲ ಧಣಿಯ ಹೊಲದಲ್ಲೇ, ನಾಳಿನ ಕೂಲಿ ಕೇಳಬೇಕಾದವರು.