ಅಂಕಪಟ್ಟಿ ಮೇಲೋ, ಪ್ರವೇಶ ಪರೀಕ್ಷೆ ಮೇಲೋ?

ಪ್ರವೇಶ ಪರೀಕ್ಷೆಯಲ್ಲಿ ಎಲ್ಲರನ್ನೂ ಹಿಂದೆ ಹಾಕುವ, ಆದರೆ ತರಗತಿಯ ಅಂಕಪಟ್ಟಿಯಲ್ಲಿ ಸಾಧಾರಣರ ಸಾಲಿನಲ್ಲೇ ಉಳಿಯುವ ವಿದ್ಯಾರ್ಥಿಗಳು ಎಲ್ಲ ದೇಶಗಳಲ್ಲೂ ಇದ್ದಾರೆ. ಇದಕ್ಕೆ ಸೋಮಾರಿತನವೊಂದೇ ಕಾರಣವಲ್ಲ. ಕೆಲವರು ಸಂಜೆಯ ಹೊತ್ತು ದುಡಿಯಲು ಹೋಗುವವರು. ಕೆಲವರ ಓದು ಮನೆಯ ಕಾಯಿಲೆ ಕಸಾಲೆಗಳ ನಡುವೆ ಕುಂಟುತ್ತಾ ಸಾಗಿರುತ್ತದೆ. ಇನ್ನು ಕೆಲವರಿಗೆ ಓದಿನ ರುಚಿ ಹತ್ತುವುದೇ ತಡವಾಗಿ. ಇಂಥವರು ಜನರ ತೆರಿಗೆ ಹಣದಿಂದ ನಡೆಯುವ ಪ್ರತಿಷ್ಠಿತ ವಿಶ್ವವಿದ್ಯಾಲಯದ ಬಾಗಿಲು ತಟ್ಟಿದಾಗ ಯಾವುದನ್ನು ನಂಬಬೇಕು? ನಾಲ್ಕು ವರ್ಷದ ಶಾಲಾ ದಾಖಲೆಯನ್ನೋ, ಒಂದು ಬೆಳಗಿನ ಪರೀಕ್ಷೆಯನ್ನೋ? ಅಮೆರಿಕದ ಸಾರ್ವಜನಿಕ ವಿಶ್ವವಿದ್ಯಾಲಯಗಳು ಈ ಪ್ರಶ್ನೆಗೆ ಕಾಲಕಾಲಕ್ಕೆ ಬೇರೆ ಬೇರೆ ಉತ್ತರ ಕೊಟ್ಟಿವೆ. ಆ ಉತ್ತರಗಳ ಹಿಂದೆ ಕುತೂಹಲಕಾರಿಯಾದ ಒಂದು ಚರಿತ್ರೆಯಿದೆ.

ಹತ್ತೊಂಬತ್ತನೆಯ ಶತಮಾನದ ಮಧ್ಯದವರೆಗೆ ಅಮೆರಿಕದ ಹೆಸರಾಂತ ಕಾಲೇಜುಗಳು ತಮ್ಮದೇ ಪ್ರವೇಶ ಪರೀಕ್ಷೆಗಳನ್ನು ನಡೆಸುತ್ತಿದ್ದವು. ಲ್ಯಾಟಿನ್, ಗ್ರೀಕ್ ಬಾರದವರಿಗೆ ಅಲ್ಲಿ ಸ್ಥಾನವಿರಲಿಲ್ಲ. 1862ರಲ್ಲಿ ಅಧ್ಯಕ್ಷ ಲಿಂಕನ್ ಸಹಿ ಹಾಕಿದ ಮೊರಿಲ್ ಕಾಯ್ದೆ ಈ ಚಿತ್ರವನ್ನು ಬದಲಿಸಿತು. ಕೃಷಿ ಮತ್ತು ಯಂತ್ರವಿದ್ಯೆಯನ್ನು ಕಲಿಸುವ ಕಾಲೇಜುಗಳಿಗಾಗಿ ಕೇಂದ್ರ ಸರ್ಕಾರ ರಾಜ್ಯಗಳಿಗೆ ಭೂಮಿ ನೀಡಿತು. ರೈತರ, ಕುಶಲಕರ್ಮಿಗಳ ಮಕ್ಕಳೂ ಉನ್ನತ ಶಿಕ್ಷಣದ ಹೊಸ್ತಿಲು ದಾಟಬೇಕೆಂಬುದು ಅದರ ಆಶಯ. ಆದರೆ ಹಳ್ಳಿಯ ಹೈಸ್ಕೂಲಿನಲ್ಲಿ ಓದಿದ ಹುಡುಗ ಗ್ರೀಕ್ ಪರೀಕ್ಷೆ ಬರೆಯುವುದಾದರೂ ಹೇಗೆ?

ಇದಕ್ಕೆ ದಾರಿ ತೋರಿಸಿದ್ದು ಮಿಶಿಗನ್ ವಿಶ್ವವಿದ್ಯಾಲಯ. 1871ರಲ್ಲಿ ಅದು ಹೊಸ ಪದ್ಧತಿಯೊಂದನ್ನು ಜಾರಿಗೆ ತಂದಿತು. ವಿಶ್ವವಿದ್ಯಾಲಯದ ಅಧ್ಯಾಪಕರೇ ರಾಜ್ಯದ ಹೈಸ್ಕೂಲುಗಳಿಗೆ ಹೋಗಿ ಪಾಠ ಪ್ರವಚನಗಳನ್ನು ಪರಿಶೀಲಿಸುವುದು. ಶಾಲೆ ತೃಪ್ತಿಕರವಾಗಿದ್ದರೆ ಅಲ್ಲಿ ತೇರ್ಗಡೆಯಾದವರಿಗೆ ಬೇರೆ ಪರೀಕ್ಷೆಯಿಲ್ಲದೆ ಪ್ರವೇಶ ಕೊಡುವುದು. 1884ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವೂ ಇದೇ ಹಾದಿ ಹಿಡಿಯಿತು. ಮೇಲ್ನೋಟಕ್ಕೆ ಇದು ಕೇವಲ ಆಡಳಿತದ ಏರ್ಪಾಡು. ಒಳಹೊಕ್ಕು ನೋಡಿದರೆ ಸರ್ಕಾರಿ ಶಾಲೆಗೂ ಸರ್ಕಾರಿ ವಿಶ್ವವಿದ್ಯಾಲಯಕ್ಕೂ ಆದ ಒಪ್ಪಂದ. ‘ನೀವು ಚೆನ್ನಾಗಿ ಕಲಿಸಿ, ನಿಮ್ಮ ಮಾತನ್ನು ನಾವು ನಂಬುತ್ತೇವೆ’ ಎಂಬುದು ಅದರ ತಿರುಳು. ಮೇಷ್ಟರು ಕೊಟ್ಟ ಅಂಕಕ್ಕೆ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ಬೆಲೆ ಬಂದದ್ದು ಹೀಗೆ.

ಸ್ಯಾಟ್ ಹುಟ್ಟಿದ ಬಗೆ

ಪ್ರವೇಶ ಪರೀಕ್ಷೆಯ ಕಥೆ ನಡೆದದ್ದು ದೇಶದ ಪೂರ್ವ ತೀರದಲ್ಲಿ. ಅಲ್ಲಿನ ಕಾಲೇಜುಗಳಿಗಾಗಿ 1900ರಲ್ಲಿ ಕಾಲೇಜ್ ಬೋರ್ಡ್ ಎಂಬ ಸಂಸ್ಥೆ ರಚನೆಯಾಯಿತು. ಮೊದಲ ಮಹಾಯುದ್ಧದಲ್ಲಿ ಸೈನಿಕರ ಬುದ್ಧಿಶಕ್ತಿ ಅಳೆಯಲು ಬಳಸಿದ ಪರೀಕ್ಷೆಗಳ ಜಾಡು ಹಿಡಿದು ಪ್ರಿನ್ಸ್‌ಟನ್‌ನ ಮನಶ್ಶಾಸ್ತ್ರಜ್ಞ ಕಾರ್ಲ್ ಬ್ರಿಗಮ್ ಹೊಸ ಪರೀಕ್ಷೆಯೊಂದನ್ನು ರೂಪಿಸಿದರು. ಅದೇ ಸ್ಯಾಟ್. 1926ರ ಜೂನ್ 23ರಂದು ಎಂಟು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ಅದನ್ನು ಮೊದಲ ಬಾರಿಗೆ ಬರೆದರು.

ಬ್ರಿಗಮ್ ಅವರ ಹಿನ್ನೆಲೆ ಅಷ್ಟೇನೂ ಶುಭ್ರವಲ್ಲ. ಉತ್ತರ ಯುರೋಪಿನ ಜನಾಂಗ ಬುದ್ಧಿಯಲ್ಲಿ ಉಳಿದವರಿಗಿಂತ ಮೇಲೆಂದು ಅವರು 1923ರ ತಮ್ಮ ಪುಸ್ತಕದಲ್ಲಿ ವಾದಿಸಿದ್ದರು. 1930ರಲ್ಲಿ ಆ ತೀರ್ಮಾನಕ್ಕೆ ಆಧಾರವಿಲ್ಲವೆಂದು ತಾವೇ ಬರೆದು ಹಿಂತೆಗೆದುಕೊಂಡರು. ಆದರೆ ಪರೀಕ್ಷೆ ಉಳಿಯಿತು.

ಚೋದ್ಯವೆಂದರೆ, ಇದೇ ಪರೀಕ್ಷೆಯನ್ನು ಮುಂದೆ ಎತ್ತಿ ಹಿಡಿದವರು ಸಮಾನ ಅವಕಾಶದ ಮಾತನಾಡಿದವರು. 1933ರಲ್ಲಿ ಹಾರ್ವರ್ಡ್‌ನ ಅಧ್ಯಕ್ಷರಾದ ಜೇಮ್ಸ್ ಕೊನಂಟ್, ಸಿರಿವಂತರ ಮಕ್ಕಳೇ ತುಂಬಿದ್ದ ತಮ್ಮ ಕಾಲೇಜಿಗೆ ಮಧ್ಯ ಅಮೆರಿಕದ ಸಾಮಾನ್ಯ ಶಾಲೆಗಳ ಪ್ರತಿಭಾವಂತರನ್ನು ವಿದ್ಯಾರ್ಥಿವೇತನ ಕೊಟ್ಟು ಕರೆತರಲು ಬಯಸಿದರು. ಅವರನ್ನು ಹುಡುಕಲು ಸಹಾಯಕ ಡೀನ್ ಹೆನ್ರಿ ಚಾನ್ಸಿ ಆರಿಸಿಕೊಂಡ ಸಾಧನವೇ ಸ್ಯಾಟ್. ಶಾಲೆ ಯಾವುದಾದರೇನು, ಪ್ರಶ್ನೆಪತ್ರಿಕೆ ಎಲ್ಲರಿಗೂ ಒಂದೇ ಎಂಬುದು ಅವರ ನಂಬಿಕೆ. ಮುಂದೆ ಪರೀಕ್ಷೆ ನಡೆಸುವುದಕ್ಕೆಂದೇ ಸ್ಥಾಪನೆಯಾದ ಇಟಿಎಸ್ ಸಂಸ್ಥೆಗೆ ಚಾನ್ಸಿಯವರೇ ಮೊದಲ ಅಧ್ಯಕ್ಷರಾದರು.

ಅಂದರೆ ಶಾಲೆಯ ಅಂಕ ಮತ್ತು ಪರೀಕ್ಷೆಯ ಅಂಕ ಎರಡು ಬೇರೆ ನೆಲದ ಬೆಳೆಗಳು. ಮೊದಲನೆಯದು ಶಾಲೆಯ ಮೇಲಿನ ನಂಬಿಕೆಯಿಂದ ಹುಟ್ಟಿತು. ಎರಡನೆಯದು ಶಾಲೆ ಗುರುತಿಸದ ಪ್ರತಿಭೆಯನ್ನು ಹೊರಗಿನಿಂದ ಹುಡುಕುವ ಹಂಬಲದಿಂದ.

ಕ್ಯಾಲಿಫೋರ್ನಿಯಾದ ಏರಿಳಿತ

ಎರಡೂ ಒಂದೆಡೆ ಕೂಡಿದ್ದು ಕ್ಯಾಲಿಫೋರ್ನಿಯಾದಲ್ಲಿ. ಆ ರಾಜ್ಯ 1960ರಲ್ಲಿ ಉನ್ನತ ಶಿಕ್ಷಣಕ್ಕೆ ಮಹಾಯೋಜನೆಯೊಂದನ್ನು ರೂಪಿಸಿತು. ಹೈಸ್ಕೂಲು ಮುಗಿಸಿದವರಲ್ಲಿ ಮೇಲಿನ ಶೇ. 12.5ರಷ್ಟು ಮಂದಿಗೆ ಬರ್ಕ್ಲಿ, ಲಾಸ್ ಏಂಜಲೀಸ್ ಮೊದಲಾದ ಕ್ಯಾಂಪಸ್ಸುಗಳಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ. ಮೇಲಿನ ಮೂರನೇ ಒಂದು ಭಾಗಕ್ಕೆ ರಾಜ್ಯ ಕಾಲೇಜುಗಳು. ಉಳಿದ ಎಲ್ಲರಿಗೂ ಕಮ್ಯುನಿಟಿ ಕಾಲೇಜುಗಳು. ಈ ಗೆರೆ ಎಳೆಯಲು ಅಂಕಪಟ್ಟಿಯೊಂದೇ ಸಾಲದಾಯಿತು. 1968ರಿಂದ ವಿಶ್ವವಿದ್ಯಾಲಯವು ಎಲ್ಲ ಅರ್ಜಿದಾರರಿಗೂ ಪ್ರವೇಶ ಪರೀಕ್ಷೆ ಕಡ್ಡಾಯ ಮಾಡಿತು.

1979ರಲ್ಲಿ ಬಂದ ಅರ್ಹತಾ ಸೂಚ್ಯಂಕ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು. ಅಲ್ಲಿನ ಶಾಲೆಗಳಲ್ಲಿ ‘ಎ’ಗೆ 4, ‘ಬಿ’ಗೆ 3, ‘ಸಿ’ಗೆ 2 ಎಂದು ಲೆಕ್ಕ ಹಾಕಿ ಸರಾಸರಿ ತೆಗೆಯುತ್ತಾರೆ. ಸರಾಸರಿ 3.3 ದಾಟಿದವರು ಪರೀಕ್ಷೆಯಲ್ಲಿ ಎಷ್ಟೇ ಅಂಕ ಪಡೆದಿದ್ದರೂ ಅರ್ಹರು. ಅದಕ್ಕಿಂತ ಕಡಿಮೆಯಿದ್ದವರಿಗೆ ಜಾರುವ ಅಳತೆಗೋಲು: ಸರಾಸರಿ ಇಳಿದಷ್ಟೂ ಪರೀಕ್ಷೆಯ ಅಂಕ ಏರಬೇಕು. 2.78ಕ್ಕಿಂತ ಕೆಳಗಿಳಿದರೆ ಆ ಏಣಿಯೂ ಇಲ್ಲ. ಸಾಧಾರಣ ಅಂಕಪಟ್ಟಿಯ ಜಾಣನಿಗೆ ಅಧಿಕೃತವಾಗಿ ಒಂದು ಕಿಂಡಿ ತೆರೆದಿತ್ತು, ನಿಜ. ಆದರೆ ಅರ್ಹತೆ ಸಿಕ್ಕ ಮಾತ್ರಕ್ಕೆ ಬರ್ಕ್ಲಿಯಲ್ಲಿ ಸೀಟು ಸಿಗುತ್ತಿರಲಿಲ್ಲ. ಅರ್ಜಿಗಳು ಹೆಚ್ಚಿದಂತೆ ಆ ಕಿಂಡಿ ಕಿರಿದಾಗುತ್ತಲೇ ಹೋಯಿತು.

ಮಿಶಿಗನ್‌ನಲ್ಲಿ ಇದೇ ಲೆಕ್ಕ ಇನ್ನೂ ಸ್ಪಷ್ಟವಾಗಿತ್ತು. 1990ರ ದಶಕದ ಕೊನೆಯಲ್ಲಿ ಆ ವಿಶ್ವವಿದ್ಯಾಲಯ ಅರ್ಜಿಗಳನ್ನು 150 ಅಂಶಗಳ ಮಾಪಕದಲ್ಲಿ ತೂಗುತ್ತಿತ್ತು. ಶಾಲಾ ಸರಾಸರಿಗೆ ಗರಿಷ್ಠ 80 ಅಂಶ. ಪ್ರವೇಶ ಪರೀಕ್ಷೆಯಲ್ಲಿ ಪೂರ್ಣ ಅಂಕ ತೆಗೆದರೂ 12 ಮಾತ್ರ. ಸರಾಸರಿ ‘ಎ’ಯಿಂದ ‘ಬಿ’ಗೆ ಇಳಿದರೆ 20 ಅಂಶ ನಷ್ಟ. ಆ ನಷ್ಟವನ್ನು ಪರೀಕ್ಷೆಯ ಪೂರ್ಣಾಂಕವೂ ತುಂಬಿಕೊಡಲಾರದು! 2003ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಈ ಮಾಪಕವನ್ನು ರದ್ದುಪಡಿಸಿದ್ದು ಬೇರೆ ಕಾರಣಕ್ಕೆ. ಅಲ್ಪಸಂಖ್ಯಾತ ಜನಾಂಗದ ಅಭ್ಯರ್ಥಿಗಳಿಗೆ ಯಾಂತ್ರಿಕವಾಗಿ 20 ಅಂಶ ನೀಡಿದ್ದನ್ನು ಅದು ಒಪ್ಪಲಿಲ್ಲ. ಆದರೆ ಆ ಮೊಕದ್ದಮೆಯಿಂದಾಗಿ, 1871ರ ಒಪ್ಪಂದ ಇನ್ನೂ ಎಷ್ಟು ಗಟ್ಟಿಯಾಗಿದೆ ಎಂಬುದು ಜಗತ್ತಿಗೆ ಗೊತ್ತಾಯಿತು.

ಟೆಕ್ಸಾಸ್ ಇನ್ನೂ ಮುಂದೆ ಹೋಯಿತು. ಪ್ರತಿ ಹೈಸ್ಕೂಲಿನಲ್ಲೂ ಮೇಲಿನ ಶೇ. 10ರೊಳಗೆ ಬಂದವರಿಗೆ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ತಾನಾಗಿಯೇ ಪ್ರವೇಶ ಸಿಗಬೇಕೆಂದು 1997ರಲ್ಲಿ ಕಾನೂನು ಮಾಡಿತು. ಬಡ ಬಡಾವಣೆಯ ಶಾಲೆಯ ಮೊದಲಿಗನಿಗೂ ಶ್ರೀಮಂತ ಬಡಾವಣೆಯ ಮೊದಲಿಗನಿಗೂ ಒಂದೇ ಹಕ್ಕು. ಒಳ್ಳೆಯ ಶಾಲೆಯಲ್ಲಿ ಇಪ್ಪತ್ತನೆಯವನಾಗಿದ್ದು ಪರೀಕ್ಷೆಯಲ್ಲಿ ಮಿಂಚಿದವನು ಮಾತ್ರ ಹಿಂದುಳಿದ.

ಯಾರ ಪರ, ಯಾರ ವಿರುದ್ಧ?

ಅಂಕಪಟ್ಟಿಗೆ ಇಷ್ಟು ಮನ್ನಣೆ ಏಕೆ? ಪರೀಕ್ಷೆಯ ಅಂಕ ಮನೆಯ ವರಮಾನದೊಂದಿಗೆ, ತಂದೆತಾಯಿಯರ ಓದಿನೊಂದಿಗೆ ಹೆಚ್ಚು ಹೊಂದಿಕೊಂಡು ಏರುತ್ತದೆ ಎಂಬುದು ಟೀಕಾಕಾರರ ವಾದ. ಟ್ಯೂಷನ್‌ಗೆ ಹಣ ಸುರಿಯಬಲ್ಲವರು ಅಂಕವನ್ನೂ ಏರಿಸಿಕೊಳ್ಳಬಲ್ಲರು. ನಾಲ್ಕು ವರ್ಷದ ದಾಖಲೆಯಾದರೋ ಬುದ್ಧಿಯ ಜೊತೆಗೆ ಶಿಸ್ತನ್ನೂ ಸಹನೆಯನ್ನೂ ತೋರಿಸುತ್ತದೆ. 2001ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಧ್ಯಕ್ಷ ರಿಚರ್ಡ್ ಅಟ್ಕಿನ್ಸನ್, ಸ್ವತಃ ಮನಶ್ಶಾಸ್ತ್ರಜ್ಞರಾಗಿದ್ದೂ, ಸ್ಯಾಟ್‌ನ ಮುಖ್ಯ ಪರೀಕ್ಷೆಯನ್ನು ಕೈಬಿಡಬೇಕೆಂದು ಸೂಚಿಸಿದರು. ಅತಿ ದೊಡ್ಡ ಗಿರಾಕಿಯೇ ಹೀಗೆ ಮುನಿದಾಗ ಪರೀಕ್ಷೆಯ ಸ್ವರೂಪವೇ ಬದಲಾಗಬೇಕಾಯಿತು. 2005ರ ಹೊಸ ಸ್ಯಾಟ್‌ನಲ್ಲಿ ಪದಸಾದೃಶ್ಯದ ಪ್ರಶ್ನೆಗಳು ಹೋಗಿ ಪ್ರಬಂಧ ಬರವಣಿಗೆ ಬಂತು.

ಇನ್ನೊಂದು ಪಕ್ಷದ ವಾದವೂ ಹಗುರವಾದದ್ದಲ್ಲ. ಶಾಲೆಗಳು ಅಂಕವನ್ನು ಧಾರಾಳವಾಗಿ ಹಂಚತೊಡಗಿದರೆ ಎಲ್ಲರೂ ‘ಎ’ಗಳೇ, ಆಗ ಆರಿಸುವುದು ಹೇಗೆ? 2020ರ ಆರಂಭದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಧ್ಯಾಪಕರ ಕಾರ್ಯಪಡೆ ನೀಡಿದ ವರದಿ ಹಲವರನ್ನು ಅಚ್ಚರಿಗೊಳಿಸಿತು. ವಿದ್ಯಾರ್ಥಿಯ ಮೊದಲ ವರ್ಷದ ಸಾಧನೆಯನ್ನು ಶಾಲಾ ಸರಾಸರಿಗಿಂತ ಪರೀಕ್ಷೆಯ ಅಂಕವೇ ಚೆನ್ನಾಗಿ ಊಹಿಸುತ್ತದೆ, ಅಂಕಪಟ್ಟಿಯಿಂದ ಮಾತ್ರ ಅರ್ಹರಾಗದ ಕೆಲವು ಹಿಂದುಳಿದ ಹಿನ್ನೆಲೆಯ ಮಕ್ಕಳಿಗೂ ಪರೀಕ್ಷೆ ದಾರಿ ಮಾಡಿಕೊಟ್ಟಿದೆ ಎಂದು ಅದು ಹೇಳಿತು. ಹಾಗಿದ್ದೂ ಅದೇ ವರ್ಷ ಮೇ ತಿಂಗಳಲ್ಲಿ ಆಡಳಿತ ಮಂಡಳಿ ಪರೀಕ್ಷೆಯ ಕಡ್ಡಾಯವನ್ನು ಸರ್ವಾನುಮತದಿಂದ ಕೈಬಿಟ್ಟಿತು. 2021ರ ನ್ಯಾಯಾಲಯದ ರಾಜಿಯ ನಂತರ ಪ್ರವೇಶಕ್ಕೆ ಆ ಅಂಕವನ್ನು ನೋಡುವುದನ್ನೇ ನಿಲ್ಲಿಸಿತು. ಇದಕ್ಕೆ ವಿರುದ್ಧವಾಗಿ, ಕೋವಿಡ್ ಕಾಲದಲ್ಲಿ ಪರೀಕ್ಷೆಯನ್ನು ಸಡಿಲಿಸಿದ್ದ ಟೆಕ್ಸಾಸ್ ವಿಶ್ವವಿದ್ಯಾಲಯದ ಆಸ್ಟಿನ್ ಕ್ಯಾಂಪಸ್ 2024ರಲ್ಲಿ ಅದನ್ನು ಮತ್ತೆ ಕಡ್ಡಾಯವೆಂದು ಪ್ರಕಟಿಸಿತು. ಫ್ಲಾರಿಡಾದ ಸರ್ಕಾರಿ ವಿಶ್ವವಿದ್ಯಾಲಯಗಳಂತೂ ಪರೀಕ್ಷೆಯನ್ನು ಬಿಟ್ಟಿರಲೇ ಇಲ್ಲ.

ನಮ್ಮಲ್ಲಿ 1994ರಿಂದ ಸಿಇಟಿ ನಡೆಯುತ್ತಿದೆ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಅಲ್ಲಿ ಅಂಥ ಸರಳ ಸೂತ್ರವಿಲ್ಲ. ಒಂದೇ ಅಂಕಪಟ್ಟಿ, ಒಂದೇ ಪರೀಕ್ಷಾ ಫಲಿತಾಂಶ ಹಿಡಿದ ಹುಡುಗಿಯೊಬ್ಬಳ ಭವಿಷ್ಯ ಅವಳು ಯಾವ ರಾಜ್ಯದಲ್ಲಿ ಅರ್ಜಿ ಹಾಕಿದಳು ಎಂಬುದರ ಮೇಲೆ ನಿಂತಿರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಸಾವಿರಾರು ಕನ್ನಡ ಕುಟುಂಬಗಳ ಮಕ್ಕಳಿಗೂ ಈ ಮಾತು ಅನ್ವಯಿಸುತ್ತದೆ. ‘ಸ್ಯಾಟ್‌ನಲ್ಲಿ ಸರಿಮಾಡಿಕೊಂಡರಾಯಿತು’ ಎಂಬ ಹಿರಿಯರ ಸಮಾಧಾನಕ್ಕೆ ಆ ರಾಜ್ಯದ ವಿಶ್ವವಿದ್ಯಾಲಯದಲ್ಲಿ ಈಗ ಅರ್ಥವಿಲ್ಲ.

ಹಾಗೆಂದು ಬಾಗಿಲು ಪೂರ್ತಿ ಮುಚ್ಚಿಲ್ಲ. 1960ರ ಮಹಾಯೋಜನೆಯ ಕೆಳಗಿನ ಮೆಟ್ಟಿಲಾದ ಕಮ್ಯುನಿಟಿ ಕಾಲೇಜು ಇಂಥವರಿಗೆ ಇಂದಿಗೂ ಆಸರೆ. ಅಲ್ಲಿ ಹಳೆಯ ಅಂಕಪಟ್ಟಿಯನ್ನು ಯಾರೂ ಕೆದಕುವುದಿಲ್ಲ. ಎರಡು ವರ್ಷ ಶ್ರದ್ಧೆಯಿಂದ ಓದಿ ಒಳ್ಳೆಯ ಸರಾಸರಿ ತೆಗೆದರೆ ಮೂರನೆಯ ವರ್ಷಕ್ಕೆ ಬರ್ಕ್ಲಿಯಂಥ ಕ್ಯಾಂಪಸ್ಸಿಗೇ ವರ್ಗಾವಣೆ ಪಡೆಯಬಹುದು. ಪ್ರತಿ ವರ್ಷ ಸಾವಿರಾರು ಮಂದಿ ಹೀಗೆ ಬರುತ್ತಾರೆ. ಗಮನಿಸಬೇಕಾದ ಅಂಶವೆಂದರೆ ಇಲ್ಲಿಯೂ ತೂಗುವುದು ತರಗತಿಯ ಅಂಕವನ್ನೇ, ಪರೀಕ್ಷೆಯನ್ನಲ್ಲ. ತಡವಾಗಿ ಎಚ್ಚೆತ್ತವರಿಗೆ ಕ್ಯಾಲಿಫೋರ್ನಿಯಾ ಕೊಡುವುದು ಇನ್ನೊಂದು ಅಂಕಪಟ್ಟಿಯನ್ನು. ಅದಕ್ಕೆ ಎರಡು ವರ್ಷ ಕಾಯುವ ತಾಳ್ಮೆ ಮತ್ತು ಅಷ್ಟು ಕಾಲ ಓದಿಸಬಲ್ಲ ಮನೆ ಎರಡೂ ಬೇಕು. ಅವು ಇಲ್ಲದವರನ್ನು ಹುಡುಕಿ ಒಳಗೆ ಕರೆದುಕೊಳ್ಳುವ ದಾರಿ ಯಾವುದು ಎಂಬ ಕೊನಂಟ್ ಕಾಲದ ಪ್ರಶ್ನೆ ಇಂದಿಗೂ ಬಗೆಹರಿದಿಲ್ಲ.